ತಂಗಿಯ ಸಂವಿಧಾನಕ್ಕೆ ನಾನು ಹಾಕಿದ ಬೈಂಡು

ತಪ್ಪಿಗೂ ಮೈದಾ ಅಂಟಿಗೂ ಬಹಳ ಹೋಲಿಕೆ ಇದೆ. ಹಚ್ಚಿದ ಹೊಸತರಲ್ಲಾದರೆ ಒದ್ದೆ ಬಟ್ಟೆಯಲ್ಲಿ ಒಂದು ಸಲ ಒರೆಸಿದರೆ ಸಾಕು, ಬಿಟ್ಟುಕೊಳ್ಳುತ್ತದೆ. ಒಂದು ಗಂಟೆ ಕಳೆದರೆ ಉಗುರು ಬೇಕು. ಒಂದು ದಿನ ಕಳೆದರೆ ಚಾಕು ಬೇಕು. ಹನ್ನೆರಡು ವರ್ಷ ಕಳೆದರೆ ಏನು ಬೇಕು ಎನ್ನುವುದು ನನಗೂ ಗೊತ್ತಿಲ್ಲ. ಬೇರೆ ಯಾವ ಸಲಕರಣೆಯೂ ಕೈಗೆ ಸಿಗದೆ ಈಗ ಪೆನ್ನು ಹಿಡಿದು ಕುಳಿತಿದ್ದೇನೆ. ಇದಕ್ಕೆ ಕಾರಣ ನಮ್ಮ ಅಮ್ಮ. ಹೋದ ವಾರ ಗಾಂಧಿ ಬಜಾರಿನ ಹಿಂದಿನ ಅಡ್ಡರಸ್ತೆಯ ಒಂದು ಪುಸ್ತಕದಂಗಡಿ ಬಾಗಿಲು ಹಾಕಿತೆಂದು ಯಾರೋ ಹೇಳಿದ್ದಕ್ಕೆ ಅಮ್ಮ ಸೊಪ್ಪು ಬಿಡಿಸುತ್ತಾ, "ಉಪ್ಪು ತಿಂದೋನು ನೀರು ಕುಡೀಲೇಬೇಕು. ನಮ್ಮ ವಸೂನ ಫೇಲ್ ಮಾಡಿಸಿದ್ನಲ್ಲ" ಎಂದಳು. ನಾನು ಎದುರಿಗೇ ಕೂತು ಕಾಫಿ ಕುಡಿಯುತ್ತಿದ್ದೆ. ಆ ಉಪ್ಪು ತಿಂದವನು ನಾನು.

ಮೊದಲು ನನ್ನ ವಿದ್ಯಾಭ್ಯಾಸದ ವಿಷಯ ಹೇಳಿಬಿಡುತ್ತೇನೆ, ಅದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಒಂಬತ್ತನೇ ಕ್ಲಾಸು, ಅದೂ ದಸರಾ ರಜೆಯವರೆಗೆ. ರಜೆ ಮುಗಿದರೂ ನಾನು ಹಿಂದಿರುಗಲಿಲ್ಲ, ಶಾಲೆಯವರೂ ಕರೆಯಲಿಲ್ಲ. ಆಮೇಲೆ ಸುಲ್ತಾನ್‌ಪೇಟೆಯ ಒಂದು ಲಗ್ನಪತ್ರಿಕೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದವನು ಇವತ್ತಿಗೂ ಅಲ್ಲೇ ಇದ್ದೇನೆ. ಓದಿಲ್ಲ ಎಂದ ಮಾತ್ರಕ್ಕೆ ಓದುವುದಿಲ್ಲ ಎಂದು ತಿಳಿಯಬೇಡಿ. ನಾನು ಓದಿದಷ್ಟು ಲಗ್ನಪತ್ರಿಕೆಗಳನ್ನು ಈ ಊರಿನ ಪುರೋಹಿತರೂ ಓದಿರಲಾರರು. ಗಂಡಿನ ಅಜ್ಜಿಯ ಹೆಸರು ಬಿಟ್ಟುಹೋಗಿದ್ದರೆ, ಮುಹೂರ್ತದ ದಿನ ಮಂಗಳವಾರ ಎಂದು ಬಿದ್ದಿದ್ದರೆ, ಅಚ್ಚಿಗೆ ಹೋಗುವ ಮುಂಚೆ ಹಿಡಿಯುವವನು ನಾನೇ. ಕಾಗದ ಮುಟ್ಟಿದರೆ ಅದರ ದಪ್ಪ ಹೇಳುತ್ತೇನೆ, ಮೂಸಿದರೆ ವಯಸ್ಸು ಹೇಳುತ್ತೇನೆ. ನಮ್ಮ ಯಜಮಾನರು ಗಿರಾಕಿಗಳ ಮುಂದೆ ನನ್ನನ್ನು ತೋರಿಸಿ, "ಇವ್ನ ಕಣ್ಣಿಂದ ತಪ್ಪಿಸ್ಕೊಂಡು ಒಂದು ಕೊಂಬು, ಒಂದು ದೀರ್ಘ ಆಚೆ ಹೋಗೋಕಾಗಲ್ಲ ಸ್ವಾಮಿ" ಎನ್ನುತ್ತಾರೆ. ಇಂಥ ಹೊಗಳಿಕೆಯಿಂದ ಮನುಷ್ಯ ಕೆಡುತ್ತಾನೆ.

ನಮ್ಮ ಅಂಗಡಿಯಲ್ಲಿ ಒಂದು ನಂಬಿಕೆ ಇದೆ. ಅದು ಗೊತ್ತಿಲ್ಲದಿದ್ದರೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ಪತ್ರಿಕೆ ಅಚ್ಚಾದ ಮೇಲೆ ಛತ್ರವೋ ಮುಹೂರ್ತವೋ ಬದಲಾದರೆ, ಬದಲಾವಣೆಯನ್ನು ಚಿಕ್ಕ ಚೀಟಿಯಲ್ಲಿ ಅಚ್ಚು ಹಾಕಿ ಪತ್ರಿಕೆಯೊಳಗೆ ಇಡುತ್ತಾರೆ, ಇಲ್ಲವೇ ಹಳೆಯ ಸಾಲಿನ ಮೇಲೆ ಅಂಟಿಸುತ್ತಾರೆ. ಇದು ನಮಗೆ ಅವಮಾನ. ಚೀಟಿ ಇರುವ ಪತ್ರಿಕೆ ನೋಡಿದ ಕೂಡಲೇ ಜನ, ಮಧ್ಯದಲ್ಲಿ ಏನೋ ಎಡವಟ್ಟಾಗಿದೆ ಎಂದು ಪಿಸುಗುಟ್ಟುತ್ತಾರೆ. ರೇಷ್ಮೆ ಸೀರೆಗೆ ತೇಪೆ ಹಾಕಿದ ಹಾಗೆ ಎನ್ನುತ್ತಾರೆ ಯಜಮಾನರು. ಅಂಗಡಿಯಲ್ಲಿ ಮಾದರಿಗೆ ಇಟ್ಟ ಪತ್ರಿಕೆಗಳಲ್ಲಿ ಎಲ್ಲಾದರೂ ಚೀಟಿ ಕಂಡರೆ ಕಿತ್ತು ಬಿಸಾಡುವುದು ನನ್ನ ಬೆಳಗಿನ ಮೊದಲ ಕೆಲಸ. ಬಾಗಿಲಿಗೆ ನೀರು ಹಾಕುವುದೂ ಆಮೇಲೆಯೇ.

ನನ್ನ ತಂಗಿ ವಸುಧಾ ನನಗಿಂತ ಹತ್ತು ವರ್ಷ ಚಿಕ್ಕವಳು. ನಾನು ಓದದೆ ಬಿಟ್ಟದ್ದನ್ನೂ ಸೇರಿಸಿ ಅವಳೇ ಓದುತ್ತಿದ್ದಳು ಎನ್ನಬೇಕು. ಬಿ.ಎ. ಮುಗಿಸಿ, ಹಗಲು ಒಂದು ಆಫೀಸಿನಲ್ಲಿ ಟೈಪಿಸ್ಟ್ ಕೆಲಸ ಮಾಡುತ್ತಾ, ಬೆಳಿಗ್ಗೆ ಏಳಕ್ಕೆ ಬಸವನಗುಡಿಯ ಕಡೆ ಲಾ ಕಾಲೇಜಿಗೆ ಹೋಗುತ್ತಿದ್ದಳು. ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ಆವರೆಗೆ ಕಾನೂನು ಎಂದರೆ ನಲ್ಲಿಯ ಹತ್ತಿರ ಯಾರ ಬಿಂದಿಗೆ ಮೊದಲು ಎನ್ನುವುದಷ್ಟೇ. ಇವಳು ಕಪ್ಪು ಕೋಟು ಹಾಕುತ್ತಾಳೆ ಎಂದು ಇಡೀ ವಠಾರ ಕಾಯುತ್ತಿತ್ತು. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವವಳು. ಕ್ಲಾಸಿಗೆ ಹೋಗುತ್ತಿದ್ದುದೂ ಅರ್ಧಂಬರ್ಧ, ಆಫೀಸಿನವರು ಒಂಬತ್ತಕ್ಕೇ ಬಾ ಎನ್ನುತ್ತಿದ್ದರು. ಹಾಗಾಗಿ ಒಂದು ಒಳ್ಳೆಯ ಗೈಡಿನ ಮೇಲೇ ಅವಳ ಸಂವಿಧಾನವೆಲ್ಲ ನಿಂತಿತ್ತು.

ಒಂದು ಶನಿವಾರ ಅವಳು ನನ್ನ ಕೈಗೆ ಚೀಟಿ ಕೊಟ್ಟು, "ಅಣ್ಣ, ಕಾನ್‌ಸ್ಟಿಟ್ಯೂಷನ್‌ಗೆ ಒಂದು ಗೈಡ್ ತಂದ್ಕೊಡ್ತೀಯಾ? ನಂಗೆ ಟೈಮೇ ಸಿಗ್ತಿಲ್ಲ. ನೋಡಿ ಒಳ್ಳೇದು ತಗೊಂಬಾ" ಎಂದಳು. ನಮ್ಮ ಮನೆಯಲ್ಲಿ ತೆಂಗಿನಕಾಯಿ ಆರಿಸುವುದಕ್ಕೆ ನನ್ನನ್ನು ಕಳಿಸುತ್ತಿದ್ದರು, ಹಲಸಿನಹಣ್ಣಿಗೆ ಕಳಿಸುತ್ತಿದ್ದರು. ಪುಸ್ತಕ ಆರಿಸಲು ಯಾರೂ ಕಳಿಸಿರಲಿಲ್ಲ. ನಾನು ಒಗೆದ ಷರಟು ಹಾಕಿಕೊಂಡು ಹೋದೆ. ಚೀಟಿಯಲ್ಲಿ ಅವಳು ಮೂರು ಸಾಲು ಬರೆದಿದ್ದಳು. ಹೊಸದಿದೆಯೇ ನೋಡು. ಹಳೆ ಪ್ರಶ್ನೆಪತ್ರಿಕೆ ಹಿಂದೆ ಇದೆಯೇ ನೋಡು. ಕೇಸುಗಳನ್ನು ಸಣ್ಣದಾಗಿ ಬರೆದಿದ್ದಾರೆಯೇ ನೋಡು. ಮೂರೂ ಬಾರಿ 'ನೋಡು' ಎಂದೇ ಇತ್ತು. ಓದು ಎಂದು ಎಲ್ಲೂ ಬರೆದಿರಲಿಲ್ಲ, ಇದನ್ನು ನನ್ನ ಪರವಾಗಿ ಗಮನಿಸಬೇಕು.

ಆ ಅಂಗಡಿ ಮೂರು ಆಳು ನಿಂತರೆ ತುಂಬುವಷ್ಟು ದೊಡ್ಡದು. ಕನ್ನಡಕವನ್ನು ದಾರದಲ್ಲಿ ಕೊರಳಿಗೆ ಕಟ್ಟಿಕೊಂಡಿದ್ದ ಯಜಮಾನರು ಎರಡು ಗೈಡು ತೆಗೆದು ಮುಂದಿಟ್ಟರು. ಒಂದು ತೆಳ್ಳಗಿತ್ತು. ನ್ಯೂಸ್‌ಪ್ರಿಂಟ್ ಕಾಗದ, ಇರುವೆಯಂಥ ಅಕ್ಷರ, ಹೆಬ್ಬೆರಳಿನಲ್ಲಿ ಉಜ್ಜಿದರೆ ಇಂಕು ಬರುತ್ತಿತ್ತು. ಇನ್ನೊಂದು ದಪ್ಪ. ಹಾಳೆ ಬೆಳ್ಳಗೆ, ಅಂಚು ಒಂದೇ ಸಮ ಕತ್ತರಿಸಿದ್ದು, ಹೊಲಿಗೆ ಬೈಂಡಿಂಗು, ಪ್ರತಿ ಅಧ್ಯಾಯದ ಕೊನೆಗೆ ಒಂದು ಸಣ್ಣ ಹೂವಿನ ಬ್ಲಾಕು. ಕಾನೂನಿನ ಪುಸ್ತಕಕ್ಕೆ ಹೂವು ಹಾಕಿದ ಆ ಮುದ್ರಕನಿಗೆ ನಾನು ಮನಸ್ಸಿನಲ್ಲೇ ನಮಸ್ಕರಿಸಿದೆ. ಮೊದಲ ಪುಟದಲ್ಲಿ ಮರುಮುದ್ರಣ ಎಂದು ಇಸವಿ ಇತ್ತು, ಅದು ಹೋದ ವರ್ಷದ್ದು. ಹೊಸದೇ ಆಯಿತಲ್ಲ. ಅಂಗಡಿಯ ಯಜಮಾನರು ಏನೋ ಹೇಳುತ್ತಿದ್ದರು. ಏನು ಹೇಳಿದರೆಂದು ನನಗೆ ಇವತ್ತಿಗೂ ಅಕ್ಷರಶಃ ನೆನಪಿದೆ, ಅದೇ ನನ್ನ ಕಷ್ಟ. "ಚಿಕ್ಕದ್ರಲ್ಲಿ ಎಲ್ಲಾ ಹೊಸದೇ ಇದೆ ಸಾರ್. ದಪ್ಪದ್ದು ವಿವರವಾಗಿದೆ, ಆದ್ರೆ ಬರೆದಿದ್ದು ಹಳೇದು. ಬದಲಾಗಿರೋದೆಲ್ಲ ಹಿಂದ್ಗಡೆ ಪುರವಣೀಲಿದೆ, ಅದೊಂದು ಕಳ್ಕೋಬೇಡಿ." ನಾನು ಹಾಳೆಯನ್ನು ಬೆಳಕಿಗೆ ಹಿಡಿದು ನೋಡುತ್ತಾ ಹೂಂ ಎಂದೆ. ಕಿವಿ ಕೇಳಿತ್ತು, ಮೂಗು ಮಾತ್ರ ಇನ್ನೂ ಪುಸ್ತಕದೊಳಗೇ ಇತ್ತು.

ಮನೆಗೆ ಬಂದು ಬಿಚ್ಚಿ ನೋಡಿದೆ. ಹಿಂದಿನ ರಟ್ಟಿಗೂ ಕೊನೆಯ ಹಾಳೆಗೂ ನಡುವೆ ಕಳಪೆ ಕಾಗದದ ಒಂದು ಸಣ್ಣ ಕಟ್ಟು ಸಿಕ್ಕಿಸಿದ್ದರು. ಎರಡು ಪಿನ್ನು, ಇಪ್ಪತ್ತೋ ಮೂವತ್ತೋ ಪುಟ, ಮೇಲೆ ಪುರವಣಿ ಎಂದು ಅಚ್ಚಾಗಿತ್ತು. ನನಗೆ ಕಂಡದ್ದು ಪುರವಣಿಯಲ್ಲ, ಚೀಟಿ. ಇಷ್ಟು ಚೆಂದದ ಪುಸ್ತಕ ಮಾಡಿ, ಕೊನೆಗೆ ಏನೋ ಎಡವಟ್ಟಾಗಿ ತೇಪೆ ಹಾಕಿ ಕಳಿಸಿದ್ದಾರಲ್ಲ ಎಂದು ಹೊಟ್ಟೆ ಉರಿಯಿತು. ತಂಗಿ ಮೊದಲ ಸಲ ತರಲು ಹೇಳಿದ ಪುಸ್ತಕ. ಅದನ್ನು ಚೀಟಿಯ ಸಮೇತ ಅವಳ ಕೈಗೆ ಕೊಡುವುದೇ? ಪಿನ್ನು ಕಿತ್ತೆ. ಕಿತ್ತ ಹಾಳೆಗಳನ್ನು ಬಿಸಾಡಲೂ ಮನಸ್ಸು ಬರಲಿಲ್ಲ, ನಮ್ಮ ಕಸುಬಿನಲ್ಲಿ ಅಚ್ಚಾದ ಕಾಗದವನ್ನು ಕಾಲಿಗೆ ಸಿಗುವ ಕಡೆ ಹಾಕುವುದಿಲ್ಲ. ಆಗ ಒಂದು ಉಪಾಯ ಹೊಳೆಯಿತು. ದಪ್ಪ ಪುಸ್ತಕಕ್ಕೆ ಬರೀ ಖಾಕಿ ಕಾಗದದ ಬೈಂಡು ಹಾಕಿದರೆ ಮೂಲೆಗಳು ನಾಯಿಕಿವಿಯಂತೆ ಮಡಚಿಕೊಳ್ಳುತ್ತವೆ. ಆ ಹಾಳೆಗಳನ್ನೇ ಮೂರು ಮೂರು ಪದರ ಮಾಡಿ, ಮೈದಾ ಅಂಟು ಹಚ್ಚಿ, ರಟ್ಟಿಗೂ ಖಾಕಿ ಕಾಗದಕ್ಕೂ ನಡುವೆ ಕೂರಿಸಿದೆ. ಸಂಜೆಯವರೆಗೆ ಅದರ ಮೇಲೆ ಒರಳಿನ ಗುಂಡು ಇಟ್ಟಿದ್ದೆ. ಎಂಥ ಬೈಂಡು ಅದು! ತಟ್ಟಿದರೆ ಬಾಗಿಲು ತಟ್ಟಿದ ಶಬ್ದ ಬರುತ್ತಿತ್ತು.

ಅಲ್ಲಿಗೂ ನಿಲ್ಲಿಸಲಿಲ್ಲ. ಅಂಗಡಿಯಲ್ಲಿ ಉಳಿದ ಒಂದು ಪತ್ರಿಕೆಯ ತುಂಡಿನ ಮೇಲೆ ಚಿನ್ನದ ಬಣ್ಣದಲ್ಲಿ ಅವಳ ಹೆಸರು ಅಚ್ಚು ಹಾಕಿಸಿ ಅಂಟಿಸಿದೆ. ಮೇಲೆ ಗಣಪತಿ ಮೊದಲೇ ಇದ್ದ. ಹೆಸರಿನ ಹಿಂದೆ 'ಚಿ. ಸೌ.' ಕೂಡ ಮೊದಲೇ ಇತ್ತು, ತೆಗೆಯಲಾಗಲಿಲ್ಲ. ಕಾಲೇಜಿನಲ್ಲಿ ಅವಳ ಗೆಳತಿಯರು, ಏನೇ ವಸು, ಸಂವಿಧಾನದ ಜೊತೆ ಮದುವೆ ನಿಶ್ಚಯ ಆಗಿದೆಯಂತೆ, ಛತ್ರ ಯಾವುದು ಎಂದು ಕೇಳಿದರಂತೆ. ಅವಳು ನಕ್ಕಳೇ ಹೊರತು ಹೆಸರಿನ ಚೀಟಿ ಕೀಳಲಿಲ್ಲ. ದಿನಾ ಆ ಪುಸ್ತಕವನ್ನು ಎದೆಗೆ ಒತ್ತಿಕೊಂಡು ಹೋಗುತ್ತಿದ್ದಳು. ಅವಳಿಗೆ ಬೇಕಾದದ್ದೆಲ್ಲ ಅವಳ ಎದೆಯ ಹತ್ತಿರವೇ ಇತ್ತು, ನನ್ನ ಅಂಟಿನ ಅಡಿಯಲ್ಲಿ.

ಇಲ್ಲಿಗೆ ನಿಂತಿದ್ದರೆ ಅಜ್ಞಾನ ಎಂದು ಮಾಫಿ ಆಗುತ್ತಿತ್ತು. ಒಂದು ದಿನ ಅವಳು ಜಗಲಿಯ ಮೇಲೆ ಕೂತು ಮೂಲಭೂತ ಹಕ್ಕುಗಳನ್ನು ಗಟ್ಟಿಮಾಡುತ್ತಿದ್ದವಳು ಬೆರಳು ಮಡಚುವುದನ್ನು ನಿಲ್ಲಿಸಿ, "ಇದೇನಣ್ಣ, ಏಳು ಅಂತಿದೆ? ಸ್ಕೂಲಲ್ಲಿ ಆರು ಅಂತ ಓದಿದ ನೆನಪು" ಎಂದಳು. ಈಗ ನೋಡಿ ವಿಧಿ. ನಾನು ಶಾಲೆಯಲ್ಲಿ ಕಲಿತದ್ದರಲ್ಲಿ ನೆನಪಿರುವುದು ಎರಡೇ ಸಂಗತಿ. ಒಂದು, ನಮ್ಮ ಸಮಾಜದ ಮೇಷ್ಟ್ರ ಬೆತ್ತ. ಇನ್ನೊಂದು, ಅವರು ಆ ಬೆತ್ತದಿಂದ ಮೇಜಿನ ಮೇಲೆ ಏಳು ಸಲ ಬಡಿದು ಹೇಳಿಕೊಟ್ಟ ಏಳು ಮೂಲಭೂತ ಹಕ್ಕುಗಳು. ಆ ಏಳರಲ್ಲಿ ಆಸ್ತಿಯ ಹಕ್ಕನ್ನು ಆಮೇಲೆ ಪಟ್ಟಿಯಿಂದ ತೆಗೆದುಹಾಕಿದರು ಎನ್ನುವುದನ್ನು ನನಗೆ ಹೇಳುವವರು ಯಾರು? ನಾನು ದಸರಾ ರಜೆಯಲ್ಲಿದ್ದೆ. ಇಷ್ಟು ವರ್ಷಕ್ಕೆ ನನ್ನ ವಿದ್ಯೆ ಒಂದು ಉಪಯೋಗಕ್ಕೆ ಬಂತಲ್ಲ ಎಂಬ ಹುಮ್ಮಸ್ಸಿನಲ್ಲಿ, "ನಮ್ ಮೇಷ್ಟ್ರೂ ಏಳೇ ಹೇಳಿದ್ದು ಕಣೇ. ಸ್ಕೂಲ್ ಪುಸ್ತಕ ತೆಳ್ಳಗಿರತ್ತೆ, ಆರೇ ಹಿಡಿಸಿರತ್ತೆ. ಇದು ದಪ್ಪ ಪುಸ್ತಕ ಅಲ್ವಾ?" ಎಂದೆ. ಬೆಳಿಗ್ಗೆ ಕಾಲೇಜು, ಹಗಲೆಲ್ಲ ಟೈಪಿಂಗು, ಅವಳಿಗೂ ವಾದ ಮಾಡುವ ತ್ರಾಣ ಇರಲಿಲ್ಲ. ಏಳನೆಯ ಬೆರಳನ್ನೂ ಮಡಚಿದಳು. ಅವಳು ಆಮೇಲೆ ಎಷ್ಟೋ ನ್ಯಾಯಾಧೀಶರ ಮುಂದೆ ವಾದಿಸಿ ಗೆದ್ದಿದ್ದಾಳೆ. ಸೋತದ್ದು ಜಗಲಿಯ ಮೇಲೆ, ಒಂಬತ್ತನೇ ಕ್ಲಾಸು ಅರ್ಧಕ್ಕೆ ಬಿಟ್ಟವನ ಎದುರು.

ಪರೀಕ್ಷೆಯ ದಿನ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ನಾನೇ ಬಿಟ್ಟುಬಂದೆ. ಮಧ್ಯಾಹ್ನ ಅವಳು ನಡೆದೇ ಬಂದಳು. ಬಂದವಳು ಒಳಗೆ ಬರದೆ ಜಗಲಿಯ ಮೇಲೆ ಕೂತಳು. ಆಸ್ತಿಯ ಹಕ್ಕಿನ ಈಗಿನ ಸ್ಥಾನವೇನು ಎಂದು ಪ್ರಶ್ನೆ ಬಂದಿತ್ತಂತೆ. ಇವಳು ಅದು ಮೂಲಭೂತ ಹಕ್ಕು, ಪರಮ ಪವಿತ್ರ ಹಕ್ಕು ಎಂದು ನಾಲ್ಕು ಪುಟ ಬರೆದು ಬಂದಿದ್ದಾಳೆ. ಹೊರಗೆ ಗೆಳತಿಯರು, ಅಯ್ಯೋ ಅದನ್ನ ಯಾವತ್ತೋ ತೆಗೆದರಲ್ಲೇ, ಪುರವಣಿಯ ಮೊದಲನೇ ಪುಟದಲ್ಲೇ ಇದೆಯಲ್ಲೇ ಎಂದರಂತೆ. "ನನ್ ಪುಸ್ತಕದಲ್ಲಿ ಪುರವಣೀನೇ ಇರ್ಲಿಲ್ಲ" ಎಂದಳು ವಸು. ಧ್ವನಿ ಬಹಳ ಸಣ್ಣದಾಗಿತ್ತು. "ಅಂಗಡಿಯವ್ರು ಕೊಡ್ದೇ ಮೋಸ ಮಾಡಿದಾರೆ ಅಣ್ಣ."

ಅಂಟು ಹಸಿಯಾಗಿದ್ದ ಗಳಿಗೆ ಅದೇ. ಒಂದು ಮಾತು ಸಾಕಿತ್ತು. ನಾನು ಆಡಿದ್ದೂ ಒಂದೇ ಮಾತು. "ಈಗಿನ ಅಂಗಡಿಯವ್ರೇ ಹಾಗೆ ಕಣಮ್ಮ" ಎಂದೆ.

ಅಡಿಗೆಮನೆಯಲ್ಲಿದ್ದ ಅಮ್ಮ ಅಲ್ಲಿಂದಲೇ ಬೈಗುಳ ಶುರು ಮಾಡಿದಳು. ಆ ಪುಸ್ತಕದಂಗಡಿಯವರ ವಂಶವನ್ನು ಅವಳು ಅಂದಿನಿಂದ ವಾರಕ್ಕೊಮ್ಮೆಯಾದರೂ ಬೈದಿದ್ದಾಳೆ. ಫಲಿತಾಂಶ ಬಂದಾಗ ಉಳಿದ ಎಲ್ಲದರಲ್ಲೂ ಪಾಸು, ಸಂವಿಧಾನದಲ್ಲಿ ಮಾತ್ರ ಫೇಲು. ವಠಾರದವರು ಬಂದು ಸಮಾಧಾನ ಹೇಳಿ, ಹೋಗುವಾಗ ನನ್ನ ಬೈಂಡನ್ನು ಹೊಗಳಿ ಹೋದರು. ಗಾಂಧಿ ಬಜಾರಿಗೆ ಹೋಗಬೇಕಾದರೆ ನಾನು ಆ ಅಡ್ಡರಸ್ತೆ ತಪ್ಪಿಸಿ ಎರಡು ರಸ್ತೆ ಸುತ್ತಿ ಹೋಗತೊಡಗಿದೆ. ಅವಳಿಲ್ಲದಾಗ ಒಮ್ಮೆ ಇಡ್ಲಿ ಪಾತ್ರೆಯ ಹಬೆಗೆ ಪುಸ್ತಕ ಹಿಡಿದು ಬೈಂಡು ಬಿಡಿಸಲೂ ನೋಡಿದೆ. ನಾನು ಅಂಟಿಸಿದ್ದು ಬಿಟ್ಟುಕೊಂಡ ದಾಖಲೆ ಇಲ್ಲ. ಮುಖ ಬೆಂದದ್ದೇ ಬಂತು. ವಸು ಗೆಳತಿಯಿಂದ ಪುರವಣಿ ಇಸಿದುಕೊಂಡು ಬಂದು ಎರಡು ಭಾನುವಾರ ಕೂತು ಪೂರ್ತಿ ನಕಲು ಮಾಡಿದಳು. ಬರೆಯುವ ಹಾಳೆಯ ಕೆಳಗೆ ಒತ್ತು ಬೇಕಲ್ಲ, ಅದಕ್ಕೆ ನನ್ನ ಬೈಂಡಿನ ಪುಸ್ತಕವನ್ನೇ ಇಟ್ಟುಕೊಂಡಿದ್ದಳು. ಮೂಲ ಪ್ರತಿಯ ಮೇಲೆ ನಕಲು ಪ್ರತಿ ತಯಾರಾಗುವುದನ್ನು ನೋಡುತ್ತಾ ನಾನು ಪಕ್ಕದಲ್ಲಿ ಕೂತು ಪೆನ್ನಿಗೆ ಇಂಕು ತುಂಬುತ್ತಿದ್ದೆ.

ಎರಡನೇ ಸಲ ಪಾಸಾದಳು. ಪ್ರಾಯಶ್ಚಿತ್ತವೆಂದು ನಾನು ಆ ವರ್ಷದಿಂದ ಪ್ರತಿ ಶನಿವಾರ ಅವಳಿಗೆ ಗಾಂಧಿ ಬಜಾರಿನಿಂದ ಖಾರಾ ಬನ್ನು ತರುವುದನ್ನು ಶುರು ಮಾಡಿದೆ. ಅವಳ ಸೀರೆ ಇಸ್ತ್ರಿ ಮಾಡಿದೆ. ಕೇಸಿನ ಕಟ್ಟುಗಳಿಗೆ ರಟ್ಟು ಹಾಕಿಕೊಟ್ಟೆ. ಏನು ಕೇಳಿದರೂ ಇಲ್ಲ ಎನ್ನಲಿಲ್ಲ. ಇಂಥ ಅಣ್ಣ ಯಾರಿಗಿದ್ದಾನೆ ಎಂದು ವಠಾರದಲ್ಲಿ ಹೆಸರಾಯಿತು. ಮಧ್ಯದಲ್ಲಿ ಒಮ್ಮೆ ಆ ಪುಸ್ತಕ ಬೇರೆ ಖಾಕಿ ಕಾಗದ ಹೊದ್ದು ಕೂತಿದ್ದನ್ನು ನೋಡಿ ಕೇಳಿದೆ. ಮಳೆಯಲ್ಲಿ ನೆನೆದು ಹಾಳಾಯಿತು, ಬೇರೆ ಹಾಕಿದೆ ಎಂದಳು. ಸಾಕ್ಷ್ಯ ನಾಶವಾಯಿತೆಂದು ದೊಡ್ಡ ಗಣಪತಿಗೆ ಒಂದು ಕಾಯಿ ಒಡೆಸಿದೆ.

ಕೆಲವು ವರ್ಷಗಳ ಮೇಲೆ ಅವಳ ಮದುವೆ ನಿಶ್ಚಯವಾಯಿತು. ಪತ್ರಿಕೆ ನನ್ನದೇ ಕೈಯಲ್ಲಿ ಅಚ್ಚಾಯಿತು. ಅದರ ಅಂದವನ್ನು ವರ್ಣಿಸಲು ಇಲ್ಲಿ ಜಾಗವಿಲ್ಲ. ಅಚ್ಚಾಗಿ ಬಂದ ಮರುದಿನ ಛತ್ರದವರು, ಊಟದ ಮನೆಯ ಸೂರು ಕುಸಿದಿದೆ, ಬೇರೆ ಛತ್ರ ನೋಡಿಕೊಳ್ಳಿ ಎಂದು ಹೇಳಿ ಕಳಿಸಿದರು. ಚೀಟಿ ಅಂಟಿಸುವ ಗತಿ ನನ್ನ ತಂಗಿಯ ಪತ್ರಿಕೆಗೇ ಬಂತು. ನಾನು ಪೂರ್ತಿ ಹೊಸದಾಗಿ ಅಚ್ಚು ಹಾಕಿಸುತ್ತೇನೆಂದು ಹಟ ಹಿಡಿದೆ. ದಿನ ಇರಲಿಲ್ಲ. ಕೊನೆಗೆ ಮನಸ್ಸಿಲ್ಲದ ಮನಸ್ಸಿನಿಂದ ಚೀಟಿಗಳನ್ನು ಒಳಮಡಿಕೆಯಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ ಸೇರಿಸುತ್ತಾ ಕೂತಿದ್ದೆ. ವಸು ಬಂದು ಎದುರಿಗೆ ಕೂತು, ಒಂದು ಪತ್ರಿಕೆ ತೆಗೆದು ತಿರುಗಿಸಿ ನೋಡಿ, ಮೆಲ್ಲಗೆ ಹೇಳಿದಳು. "ಅಣ್ಣ, ಚೀಟಿ ಮೇಲ್ಗಡೇನೇ ಅಂಟ್ಸು. ಒಳಗಡೆ ಇಟ್ಟು ಬೈಂಡ್ ಹಾಕ್ಬಿಟ್ರೆ ಜನ ಹಳೇ ಛತ್ರಕ್ಕೆ ಹೋಗ್ತಾರೆ."

ನನ್ನ ಕೈಯ ಕುಂಚ ಅಂಟಿನ ಬಟ್ಟಲಿಗೆ ಬಿತ್ತು. ಯಾವಾಗ ಗೊತ್ತಾಯಿತು ಎಂದು ಕೇಳಿದೆ. ಎರಡನೇ ಸಲದ ಪರೀಕ್ಷೆ ಮುಗಿಸಿ ಬರುವಾಗ ಮಳೆ ಹಿಡಿದು, ಬಸ್ಸಿನಲ್ಲಿ ಅವಳ ತೊಡೆಯ ಮೇಲೇ ಬೈಂಡು ಬಿಚ್ಚಿಕೊಂಡಿತಂತೆ. ಮೊದಲು ಕಂಡದ್ದೇ ಆಸ್ತಿಯ ಹಕ್ಕಿನ ಪುಟವಂತೆ. ಅಲ್ಲೇ ಇಳಿದು ಪುಸ್ತಕದಂಗಡಿಗೆ ಹೋಗಿ, ನಿಮ್ಮನ್ನು ತಪ್ಪಾಗಿ ತಿಳಿದಿದ್ದೆ ಎಂದು ಕೈಮುಗಿದು ಬಂದಳಂತೆ. ಅವರು ನಕ್ಕು, "ನಿಮ್ಮಣ್ಣ ಪುಸ್ತಕ ಮೂಸಿ ನೋಡ್ತಿದ್ದಾಗ್ಲೇ ಅಂದ್ಕೊಂಡೆ ಕಣಮ್ಮ, ಇವ್ರು ಓದೋ ಪೈಕಿ ಅಲ್ಲ ಅಂತ" ಎಂದರಂತೆ. ಅವರು ಮದುವೆಗೂ ಬಂದಿದ್ದರು. ಹೊಸ ಛತ್ರಕ್ಕೇ ಬಂದರು. ಅಮ್ಮ ಅವರು ಯಾರೆಂದು ತಿಳಿಯದೆ ಎರಡು ಸಲ ಹೋಳಿಗೆ ಬಡಿಸಿದಳು.

ಅಮ್ಮನಿಗೆ ಮಾತ್ರ ನಾವಿಬ್ಬರೂ ಹೇಳಲಿಲ್ಲ. ಆದ್ದರಿಂದ ಈ ಪ್ರಬಂಧ. ಬರೆದು ಮುಗಿಸಿ, ಕಾಗುಣಿತ ನೋಡು ಎಂದು ಶನಿವಾರ ಖಾರಾ ಬನ್ನಿನ ಜೊತೆ ವಸುವಿನ ಮನೆಗೆ ತೆಗೆದುಕೊಂಡು ಹೋದೆ. ಅಮ್ಮನೂ ಅಲ್ಲೇ ಇದ್ದಳು. ವಸು ಎಲ್ಲವನ್ನೂ ಗಟ್ಟಿಯಾಗಿ ಓದಿ ಹೇಳಿದಳು. ನಾನು ಬಾಗಿಲ ಹತ್ತಿರ, ಚಪ್ಪಲಿ ಕೈಗೆಟುಕುವಷ್ಟು ದೂರದಲ್ಲಿ ಕೂತಿದ್ದೆ. ಅಮ್ಮ ಪೂರ್ತಿ ಕೇಳಿ, "ಆದ್ರೂ ಆ ಅಂಗಡಿಯವ್ನು ಇನ್ನೊಂದ್ಸಲ ಗಟ್ಟಿಯಾಗಿ ಹೇಳ್ಬೇಕಿತ್ತು" ಎಂದಳು.

ವಸು ಒಂದು ಸಣ್ಣ ಕಾಗದದಲ್ಲಿ ಏನೋ ಬರೆದು ನನ್ನ ಹಸ್ತಪ್ರತಿಗೆ ಗುಂಡುಸೂಜಿಯಲ್ಲಿ ಚುಚ್ಚಿ ಕೊಟ್ಟಳು. ಬಸ್ಸಿನಲ್ಲಿ ಕೂತು ಓದಿದೆ.

"ಅಣ್ಣ, ಒಂದು ತಿದ್ದುಪಡಿ. ಆಸ್ತಿ ಹಕ್ಕಿನ ಪ್ರಶ್ನೆಗೆ ಇದ್ದದ್ದು ಹತ್ತು ಅಂಕ. ನಾನು ಫೇಲಾದದ್ದು ಹದಿನೇಳು ಅಂಕ ಕಡಿಮೆ ಬಿದ್ದು. ಪರೀಕ್ಷೆಯ ಹಿಂದಿನ ದಿನ ಗೆಳತಿಯರ ಜೊತೆ ಓದುತ್ತೇನೆಂದು ಹೇಳಿ ಸಿನಿಮಾಕ್ಕೆ ಹೋಗಿದ್ದೆ. ಗೆಳತಿಯ ಮನೆಯವರೆಗೆ ಸೈಕಲ್ಲಿನಲ್ಲಿ ಬಿಟ್ಟವನು ನೀನೇ. ಮಿಕ್ಕ ಏಳು ನನ್ನವು."

ಹನ್ನೆರಡು ವರ್ಷದ ಶನಿವಾರಗಳು ಕಣ್ಣ ಮುಂದೆ ಬಂದವು. ಇಳಿದವನೇ ಬೂತಿನಿಂದ ಫೋನ್ ಮಾಡಿ, ಇದನ್ನು ಆಗಲೇ ಹೇಳಬಾರದಿತ್ತೇನೇ ಎಂದೆ. ನಮ್ಮ ಲಾಯರಮ್ಮ ಬಾಯಲ್ಲಿ ಬನ್ನು ಇಟ್ಟುಕೊಂಡೇ, "ನೀನು ಯಾವತ್ತು ಕೇಳ್ದೆ?" ಎಂದಳು.

ಈ ಚೀಟಿಯನ್ನು ಹರಿದು ಹಾಕಿದ್ದರೆ ಪ್ರಬಂಧ ಚೊಕ್ಕವಾಗಿರುತ್ತಿತ್ತು. ಪೂರ್ತಿ ಪಾಪ ನನ್ನದೇ ಎಂದು ಬರೆದದ್ದಕ್ಕೆ ಒಂದು ಗಾಂಭೀರ್ಯವೂ ಇತ್ತು, ಈಗ ಅದು ಏಳು ಅಂಕ ಕಡಿಮೆಯಾಗಿದೆ. ಆದರೂ ಕಲಿತ ಬುದ್ಧಿ ಬಿಡಬಾರದೆಂದು ಅದನ್ನು ಮೇಲ್ಗಡೆಯೇ, ಎಲ್ಲರಿಗೂ ಕಾಣುವ ಹಾಗೆ ಅಂಟಿಸಿದ್ದೇನೆ. ಅಂಚು ಸ್ವಲ್ಪ ಸೊಟ್ಟಗಾಗಿದೆ. ನಮ್ಮ ಯಜಮಾನರಿಗೆ ಯಾರೂ ಹೇಳಬೇಡಿ.